ಬಿಸಿನೀರಿನ ಹದಿನಾಲ್ಕು ಹಾಡುಗಳು

ನನಗೆ ಜಪಾನೀ ಭಾಷೆ ಬರುವುದಿಲ್ಲ. ಆದರೆ ಹದಿನಾಲ್ಕು ಜಪಾನೀ ಹಾಡುಗಳು ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ ಬರುತ್ತವೆ. ಹದಿನಾಲ್ಕೂ ಬಿಸಿನೀರಿನ ಬುಗ್ಗೆಗಳ ಮೇಲೆ ಕಟ್ಟಿದವು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಮೂರು ವರ್ಷ, ವಾರಕ್ಕೆ ಐದು ದಿನ, ಬೆಳಿಗ್ಗೆ ಒಂದೂಕಾಲು ಗಂಟೆ, ಸಂಜೆ ಒಂದೂವರೆ ಗಂಟೆ, ರೆಂಟನ್‌ನ ನನ್ನ ಮನೆಯಿಂದ ಮುಕಿಲ್ಟಿಯೊವರೆಗೆ ಸೀಟ್ ಬೆಲ್ಟ್ ಬಿಗಿದು ಕೂರಿಸಿ ಕೇಳಿಸಿದರೆ ಗೋಡೆಗೂ ಬಾಯಿಪಾಠ ಬರುತ್ತದೆ.

ಮುಕಿಲ್ಟಿಯೊ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ನನಗೆ ಕೆಲಸ. ನಾನು ವಿಮಾನ ಕಟ್ಟುವುದಿಲ್ಲ, ಕಟ್ಟಿದವರ ಕಾಗದ ನೋಡುತ್ತೇನೆ. ಯಾವ ತೂತನ್ನು ಎಷ್ಟು ಅಗಲಕ್ಕೆ ಕೊರೆದರು, ಎಷ್ಟಕ್ಕೆ ಕೊರೆಯಬೇಕಿತ್ತು ಎಂದು ತಾಳೆ ನೋಡಿ, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗಿದ್ದರೂ ‘ಇದು ಸರಿಯಿಲ್ಲ’ ಎಂದು ಬರೆದು ಸಹಿ ಹಾಕುವುದು. ದಿನಕ್ಕೆ ಹತ್ತು ಸಲವಾದರೂ ಹಾಗೆ ಬರೆಯುತ್ತೇನೆ. ಅಂಥವಳು ಒಂದು ಕಾರಿನಲ್ಲಿ ಕೂತು, ಒಬ್ಬ ಹೆಂಗಸಿಗೆ, ಈ ಹಾಡು ನನಗೆ ಹಿಡಿಸುವುದಿಲ್ಲ ಅನ್ನಲಾರದೆ ಮೂರು ವರ್ಷ ಕಳೆದೆ ಎಂದರೆ ಯಾರು ನಂಬುತ್ತಾರೆ?

ಮೈಸೂರಿನವರು ನಂಬುತ್ತಾರೆ. ನಾನು ಹುಟ್ಟಿ ಬೆಳೆದದ್ದು ಅಲ್ಲಿ. ಮನೆಯೊಳಗೆ ಉರ್ದು, ಹೊಸಿಲು ದಾಟಿದರೆ ಕನ್ನಡ. ಒಳಗೆ ಅಮ್ಮಿ ಕಲಿಸಿದ್ದು ತಕಲ್ಲುಫ್, ಹೊರಗೆ ಊರು ಕಲಿಸಿದ್ದು ದಾಕ್ಷಿಣ್ಯ. ಎರಡೂ ಒಂದೇ ರೋಗದ ಎರಡು ಹೆಸರು. ಬೇರೆಯವರ ಮನೆಯಲ್ಲಿ ಉಪ್ಪಿಲ್ಲದ ಪಲ್ಯ ಹಾಕಿದರೂ ‘ಬಹಳ ಚೆನ್ನಾಗಿದೆ’ ಅನ್ನಬೇಕು, ಅಂದದ್ದಕ್ಕೆ ಅವರು ಇನ್ನೊಂದು ಸೌಟು ಬಡಿಸಿದರೆ ಅದನ್ನೂ ತಿನ್ನಬೇಕು. ನಾನು ಎರಡನ್ನೂ ಚೆನ್ನಾಗಿ ಕಲಿತಿದ್ದೆ.

ಆ ಕಾರಿಗೆ ನಾನು ಹತ್ತಿದ್ದಕ್ಕೆ ಕಾರಣ ಒಂದು ಬೆಳಗಿನ ಮಳೆ. ಮೊದಲು ನಾನೇ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆ. ಒಂದು ನವೆಂಬರ್‌ನಲ್ಲಿ, ನಾನೂರೈದನೇ ಹೆದ್ದಾರಿಯಲ್ಲಿ, ಕ್ಯಾನ್ಯನ್ ಪಾರ್ಕ್ ದಾಟುವ ಇಳಿಜಾರಿನಲ್ಲಿ ಮುಂದಿನ ಲಾರಿ ಬ್ರೇಕ್ ಹಾಕಿತು, ನಾನೂ ಹಾಕಿದೆ, ನನ್ನ ಕಾರು ನೀರಿನ ಮೇಲೆ ಜಾರಿ ಒಂದು ಸುತ್ತು ಸುತ್ತಿ ಹಿಂದಿನಿಂದ ಬರುತ್ತಿದ್ದ ಗಾಡಿಗಳಿಗೆ ಮುಖ ಮಾಡಿ ನಿಂತಿತು. ಮೂರು ಲೇನಿನ ದೀಪಗಳು ನನ್ನ ಕಡೆಗೇ ಬರುತ್ತಿದ್ದವು. ಎಲ್ಲರೂ ಹೇಗೋ ತಪ್ಪಿಸಿಕೊಂಡು ಹೋದರು. ಯಾರಿಗೂ ಒಂದು ಗೀರು ಕೂಡ ಬೀಳಲಿಲ್ಲ. ಪೊಲೀಸು ಬಂದು ಕಾರನ್ನು ತಿರುಗಿಸಿ ಕೊಟ್ಟು, ‘ಅದೃಷ್ಟವಂತೆ’ ಅಂದು ಹೋದ.

ಅದೃಷ್ಟವಂತೆಗೆ ಮಾರನೆಯ ದಿನ ಹೆದ್ದಾರಿ ಹತ್ತಲು ಆಗಲಿಲ್ಲ. ಊರೊಳಗೆ ಓಡಿಸುತ್ತೇನೆ, ಅಂಗಡಿಗೆ, ಮಗಳ ಶಾಲೆಗೆ, ಮಸೀದಿಗೆ. ಹೆದ್ದಾರಿಗೆ ಏರುವ ದಾರಿ ಬಂತೆಂದರೆ ಕೈ ಸೆಟೆದುಕೊಳ್ಳುತ್ತದೆ. ಬೆರಳು ಸ್ಟಿಯರಿಂಗ್ ಚಕ್ರವನ್ನು ಬಿಡುವುದಿಲ್ಲ, ಚಕ್ರ ತಿರುಗುವುದಿಲ್ಲ. ಬಸ್ಸಿನಲ್ಲಿ ಹೋಗೋಣವೆಂದರೆ ಮೂರು ಬಸ್ಸು ಬದಲಾಯಿಸಬೇಕು, ಒಂದು ಕಡೆಗೇ ಎರಡೂವರೆ ಗಂಟೆ. ಹೀಗೇ ಆದರೆ ಕೆಲಸ ಬಿಡಬೇಕು. ಆ ಕೆಲಸಕ್ಕಾಗಿ ನಾನು ಎಷ್ಟು ಓದಿದ್ದೆ, ಎಷ್ಟು ಜನರ ಕೈಲಿ ‘ಹುಡುಗಿಗೆ ಯಾಕೆ ವಿಮಾನ’ ಅನ್ನಿಸಿಕೊಂಡಿದ್ದೆ ಎಂದು ನನಗೆ ಮಾತ್ರ ಗೊತ್ತು. ಬಿಡುವುದಕ್ಕೆ ನಾನು ತಯಾರಿರಲಿಲ್ಲ.

ಆಗ ಸಿಕ್ಕವರು ಆಕೆ, ಜಪಾನಿನವರು, ನಮ್ಮ ಕಾರ್ಖಾನೆಯಲ್ಲೇ ಕೆಲಸ. ಜಪಾನಿನಿಂದ ಬರುವ ರೆಕ್ಕೆಯ ಭಾಗಗಳ ಜೊತೆ ರಾಶಿ ಕಾಗದಗಳು ಬರುತ್ತವೆ, ಅವನ್ನು ಇಂಗ್ಲಿಷಿಗೆ ತಂದು ತಪ್ಪು ಹುಡುಕುವುದು ಆಕೆಯ ಕೆಲಸ. ವಯಸ್ಸು ಅರವತ್ತೈದರ ಆಸುಪಾಸು, ಗಂಡನಿಲ್ಲ, ಮಕ್ಕಳಿಲ್ಲ. ನಮ್ಮ ಮನೆಯಿಂದ ಆರು ಬೀದಿ ಆಚೆ ವಾಸ. ಊಟದ ಕೋಣೆಯಲ್ಲಿ ನಾನು ಬಸ್ಸಿನ ವೇಳಾಪಟ್ಟಿ ನೋಡುತ್ತಿದ್ದಾಗ, ‘ನನ್ನ ಕಾರಿನಲ್ಲಿ ಜಾಗವಿದೆ’ ಅಂದರು. ಯಾಕೆ ಬಸ್ಸು ಅಂತ ಕೇಳಲಿಲ್ಲ. ಕೇಳದಿದ್ದರೂ ನಾನೇ ಹೇಳಿದೆ, ‘ನಮ್ಮ ಹತ್ತಿರ ಒಂದೇ ಕಾರು, ಗಂಡನಿಗೆ ಬೇಕು.’ ಸುಳ್ಳು. ಹೆದರಿಕೆ ಅನ್ನುವುದಕ್ಕೆ ನಾಚಿಕೆಯಾಯಿತು.

ಮೊದಲ ದಿನ ಬೆಳಿಗ್ಗೆ ಆರಕ್ಕೆ ಬಂದರು. ಕಾರು ಹಳೆಯದು, ಒಳಗೆ ಬಾರ್ಲಿ ಚಹಾದ ವಾಸನೆ. ಸಿಡಿಯಲ್ಲಿ ಒಂದು ಹಾಡು ಬರುತ್ತಿತ್ತು. ಗಂಡಸಿನ ದನಿ, ಪ್ರತಿ ಸಾಲಿನ ಕೊನೆಯಲ್ಲಿ ಅಳುವಿನ ಹಾಗೆ ನಡುಗುತ್ತಿತ್ತು. ಆಕೆ ಅದನ್ನು ನಿಲ್ಲಿಸಲು ಕೈ ಚಾಚಿದರು. ಉಪಕಾರ ಮಾಡುತ್ತಿರುವವರು, ಅವರದೇ ಕಾರು, ಅವರದೇ ಹಾಡು. ನನ್ನಿಂದಾಗಿ ನಿಲ್ಲಿಸುವುದೇ? ‘ಇರಲಿ ಇರಲಿ, ಹಾಡು ತುಂಬಾ ಚೆನ್ನಾಗಿದೆ’ ಅಂದೆ.

ಆಕೆಯ ಕೈ ಅರೆಗಳಿಗೆ ಗಾಳಿಯಲ್ಲೇ ನಿಂತಿತು. ಆಮೇಲೆ ಚಕ್ರದ ಮೇಲೆ ವಾಪಸು ಹೋಯಿತು. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ಜಾಗವಿಲ್ಲ ಅನ್ನುತ್ತಾರೆ. ನಾನು ಆ ಬೆಳಿಗ್ಗೆ ಆರೂ ಹತ್ತಕ್ಕೆ ಬಸಿರಾದೆ.

ಅಲ್ಲಿಂದ ಶುರು. ಪ್ರತಿದಿನ ನಾನು ಬಾಗಿಲು ತೆಗೆದು ಕೂರುವುದಕ್ಕೂ ಆಕೆ ಸಿಡಿ ಹಾಕುವುದಕ್ಕೂ ಸರಿಹೋಗುತ್ತಿತ್ತು. ಒಂದೊಂದೇ ಹಾಡಿನ ಅರ್ಥವನ್ನೂ ಕೇಳಿದೆ, ಕೇಳದಿದ್ದರೆ ಚೆನ್ನಾಗಿರುವುದಿಲ್ಲವಲ್ಲ. ಆಕೆ ಒಂದೊಂದೇ ವಾಕ್ಯದಲ್ಲಿ ಹೇಳಿದರು. ಮೊದಲನೆಯದು: ಬಿಸಿನೀರಿನ ಊರಿನ ತಂಗುಮನೆಯಲ್ಲಿ ಹೆಂಗಸು ಕಾಯುತ್ತಿದ್ದಾಳೆ, ಗಂಡಸು ಬರುವುದಿಲ್ಲ. ಎರಡನೆಯದು: ಗಂಡಸು ಬಂದ, ಆದರೆ ಬೆಳಿಗ್ಗೆ ಹೋಗುತ್ತಾನೆ. ಮೂರನೆಯದು: ಹಿಮ ಬೀಳುತ್ತಿದೆ, ಕೊನೆಯ ಬಸ್ಸು ಹೋಯಿತು, ಹೆಂಗಸು ಕೊಳದಲ್ಲಿ ಒಬ್ಬಳೇ ಇದ್ದಾಳೆ. ನಾಲ್ಕನೆಯದರಲ್ಲಿ ಕೆಂಪು ಸೇತುವೆ, ಅದರ ಮೇಲೆ ಮರದ ಚಪ್ಪಲಿಯ ಸದ್ದು, ಹೆಂಗಸು ತಿರುಗಿ ನೋಡುತ್ತಾಳೆ, ಬೇರೆ ಯಾರೋ. ಐದನೆಯದರಲ್ಲಿ ಇಬ್ಬರೂ ಬೇರೆಯವರನ್ನು ಮದುವೆಯಾಗಿದ್ದಾರೆ. ಎಲ್ಲದರಲ್ಲೂ ಹಬೆ. ಹಬೆಯೊಳಗೆ ಕಣ್ಣೀರು ಕಾಣುವುದಿಲ್ಲವಂತೆ, ಅದಕ್ಕೇ ಬಿಸಿನೀರಿನ ಊರಿಗೆ ಬಂದು ಅಳುತ್ತಾರಂತೆ.

ನಮ್ಮ ಮೈಸೂರಿನ ಮನೆಯ ಬಚ್ಚಲಿನಲ್ಲಿ ತಾಮ್ರದ ಹಂಡೆಯಿತ್ತು. ತೆಂಗಿನ ಗರಿ ಉರಿಸಿ ನೀರು ಕಾಯಿಸುತ್ತಿದ್ದೆವು. ಶುಕ್ರವಾರ ಅಮ್ಮಿ ತಲೆಗೆ ಎಣ್ಣೆ ಹಚ್ಚಿ ಕುದಿಯುವ ನೀರನ್ನು ಚೊಂಬು ಚೊಂಬು ಸುರಿದರೆ ನಾವು ಮಕ್ಕಳು ಬೀದಿಗೆ ಕೇಳುವ ಹಾಗೆ ಅರಚುತ್ತಿದ್ದೆವು. ಆ ಹಂಡೆಯ ಮೇಲೆ ಯಾರೂ ಹಾಡು ಕಟ್ಟಲಿಲ್ಲ. ಬಿಸಿನೀರು ಮೈ ತೊಳೆಯುವುದಕ್ಕೆ ಇರುವುದು ಎಂದು ನಾವು ತಿಳಿದಿದ್ದೆವು.

ಕೆಲವು ತಿಂಗಳಲ್ಲಿ ದಾರಿಯೂ ಹಾಡೂ ಒಂದಕ್ಕೊಂದು ಅಂಟಿಕೊಂಡವು. ಮೊದಲನೆಯ ಹಾಡು ಮುಗಿಯುವಷ್ಟರಲ್ಲಿ ರೆಂಟನ್‌ನ ತಿರುವುಗಳು ಮುಗಿಯುತ್ತಿದ್ದವು. ಬೆಲ್‌ವ್ಯೂ ಗಾಜಿನ ಕಟ್ಟಡಗಳು ಕಂಡರೆ ಕೆಂಪು ಸೇತುವೆ. ಏಳನೆಯದರಲ್ಲಿ ಗಾಡಿಗಳು ಒತ್ತಿಕೊಂಡು ನಿಲ್ಲುತ್ತಿದ್ದವು. ಒಂಬತ್ತನೆಯ ಹಾಡಿಗೆ ಕ್ಯಾನ್ಯನ್ ಪಾರ್ಕ್, ಆ ಇಳಿಜಾರು. ಅಲ್ಲಿ ನಾನು ಸೀಟಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಳ್ಳುತ್ತಿದ್ದೆ, ಕೋಟಿನ ಕೆಳಗೆ, ಆಕೆಗೆ ಕಾಣದ ಹಾಗೆ.

ಒಂಬತ್ತನೆಯದು ಉಳಿದವುಗಳ ಹಾಗಲ್ಲ. ಅದು ಕೆಲಸದ ಹಾಡು. ಒಂದು ಊರಿನಲ್ಲಿ ನೀರು ಎಷ್ಟು ಬಿಸಿಯೆಂದರೆ ಕಾಲಿಟ್ಟರೆ ಸುಟ್ಟುಹೋಗುತ್ತದೆ. ತಣ್ಣೀರು ಬೆರೆಸಿದರೆ ಔಷಧದ ಗುಣ ಹೋಗುತ್ತದೆಂದು ಹೆಂಗಸರು ಕೊಳದ ಸುತ್ತ ನಿಂತು, ಆಳೆತ್ತರದ ಹಲಗೆಗಳಿಂದ ನೀರನ್ನು ಮಗುಚಿ ಮಗುಚಿ ಆರಿಸುತ್ತಾರೆ. ಕೈಗಳು ತಪ್ಪದಿರಲೆಂದು ಹಾಡುತ್ತಾರೆ. ಸಿಡಿಯಲ್ಲಿ ಆ ಹಾಡಿಗೆ ಪಿಟೀಲುಗಳನ್ನು ಸೇರಿಸಿ, ಎಳೆದೆಳೆದು ಹಾಡಿದ್ದರು. ಅದು ಬಂದಾಗ ಮಾತ್ರ ಆಕೆಯ ಬೆರಳು ಚಕ್ರದ ಮೇಲೆ ತಾಳ ಹಾಕುತ್ತಿತ್ತು, ಹಾಡಿಗಿಂತ ಬೇಗ ಬೇಗ. ಎಷ್ಟು ಇಷ್ಟ ಪಾಪ, ತಡೆದುಕೊಳ್ಳಲಾಗುತ್ತಿಲ್ಲ ಅಂದುಕೊಳ್ಳುತ್ತಿದ್ದೆ.

ನನಗೆ ಆ ಕಾರೊಂದು ಪೆಟ್ಟಿಗೆಯಾಯಿತು. ಮಳೆ, ಗಾಜಿನ ಮೇಲಿನ ಹಬೆ, ಒಳಗೆ ಬಾರ್ಲಿಯ ವಾಸನೆ, ಹಾಡಿನಲ್ಲೂ ಹಬೆ. ಹಾಡುವವನ ದನಿ ನಡುಗುವ ಮೊದಲೇ ನನ್ನ ಹಲ್ಲು ಕಚ್ಚಿಕೊಳ್ಳುತ್ತಿತ್ತು. ಇಳಿದು ಹೋಗುವ ಹಾಗಿಲ್ಲ, ಇಳಿದರೆ ಕೆಲಸವಿಲ್ಲ. ಮೀಟಿಂಗಿನಲ್ಲಿ ಕೂತಾಗ ತಲೆಯೊಳಗೆ ಮೂರನೆಯ ಹಾಡಿನ ಕೊನೆಯ ಬಸ್ಸು ಹೋಗುತ್ತಿತ್ತು. ಅಡುಗೆ ಮಾಡುವಾಗ ಐದನೆಯದನ್ನು ಗುನುಗಿ, ನಾನು ಗುನುಗುತ್ತಿದ್ದೇನೆಂದು ಗೊತ್ತಾಗಿ, ಸೌಟನ್ನು ಸಿಂಕಿಗೆ ಎಸೆದದ್ದೂ ಇದೆ.

‘ಎಷ್ಟ್ ದಿನಾ ಅಂತ ಹೀಗ್ ಮಾಡ್ತೀಯಾ?’ ಅಂದ ಗಂಡ. ಅವನು ಬೆಂಗಳೂರಿನವನು, ಅವನಿಗೆ ದಾಕ್ಷಿಣ್ಯ ಕಡಿಮೆ. ‘ನೀಲಿ ಕಾರು ಸುಮ್ನೆ ನಿಂತಿದೆ. ಭಾನುವಾರ ನನ್ ಜೊತೆ ಬಾ, ಹೈವೇಲಿ ಒಂದು ರೌಂಡ್ ಪ್ರಾಕ್ಟೀಸ್ ಮಾಡ್ಸ್ತೀನಿ. ಇಲ್ಲಾಂದ್ರೆ ಅವರಿಗೆ ಹಾಡು ಆಫ್ ಮಾಡಿ ಅನ್ನು. ಎರಡ್ರಲ್ಲಿ ಒಂದು ಮಾಡು.’

‘ಆಗಲ್ಲ.’

‘ಯಾವುದು ಆಗಲ್ಲ?’

‘ಎರಡೂ.’

ಹನ್ನೊಂದು ವರ್ಷದ ಮಗಳು ಫೋನಿನಿಂದ ಕಣ್ಣೆತ್ತದೆ, ‘ಅಮ್ಮೀ, ಜಸ್ಟ್ ಟೆಲ್ ಹರ್’ ಅಂದಳು. ಇಲ್ಲಿ ಹುಟ್ಟಿದ ಮಕ್ಕಳಿಗೆ ಎಲ್ಲವೂ ಜಸ್ಟ್.

ಹೇಳುವ ಬದಲು ನಾನು ಜಾಣತನ ಮಾಡಲು ಹೋದೆ. ‘ನಿಮಗೆ ಬೇಜಾರಾಗಲ್ವಾ, ದಿನಾ ಅದೇ ಹಾಡು?’ ಎಂದು ಕೇಳಿದೆ. ‘ನನ್ನ ಚಿಂತೆ ಮಾಡಬೇಡಿ’ ಅಂದರು. ಈದ್‌ಗೆ ಶೀರ್ ಖುರ್ಮಾ ಪಾಯಸ ಕೊಟ್ಟು, ಜೊತೆಗೆ ನಮ್ಮ ಕಡೆಯ ಹಾಡುಗಳನ್ನು ಫೋನಿನಲ್ಲಿ ಹಾಕಿದೆ. ಆಕೆ ತಲೆದೂಗಿ ಕೇಳಿದರು. ಮುಗಿದ ತಕ್ಷಣ, ‘ಈಗ ನಿಮ್ಮ ಇಷ್ಟದ್ದು’ ಎಂದು ಸಿಡಿ ಹಾಕಿದರು. ನನ್ನ ಹುಟ್ಟುಹಬ್ಬಕ್ಕೆ ಬಿಸಿನೀರಿನ ಊರುಗಳ ಚಿತ್ರಗಳ ಪುಸ್ತಕ ತಂದುಕೊಟ್ಟರು. ‘ತುಂಬಾ ಚೆನ್ನಾಗಿದೆ’ ಅಂದೆ. ಬಿಸಿತುಪ್ಪವನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕೋಲೆ ಬಸವನ ಹಾಗೆ ತಲೆಯಾಡಿಸುತ್ತಾ ಎರಡು ಚಳಿಗಾಲ ಕಳೆದೆ.

ಮೂರನೆಯ ಚಳಿಗಾಲದಲ್ಲಿ ಆಕೆ ಒಂದು ವಾರ ಜಪಾನಿಗೆ ಹೋದರು. ಹಿಂದಿನ ದಿನ ಸಂಜೆ ಹೇಳಿದರು, ‘ಕ್ಷಮಿಸಿ, ನಿಮಗೆ ತೊಂದರೆಯಾಗುತ್ತದೆ.’ ಯಾಕೆ ಹೋಗುತ್ತಿದ್ದೀರಿ ಅಂತ ನಾನು ಕೇಳಲಿಲ್ಲ. ನನ್ನ ತಲೆಯಲ್ಲಿ ಮೂರು ಬಸ್ಸುಗಳಿದ್ದವು. ಆ ವಾರ ಎರಡು ದಿನ ಕೆಲಸಕ್ಕೆ ತಡವಾಯಿತು, ಒಂದು ದಿನ ಪೂರ್ತಿ ನೆನೆದೆ, ಮನಸ್ಸಿನಲ್ಲೇ ಆಕೆಯನ್ನು ಬೈದೆ. ಈ ಮಳೆಯಲ್ಲಿ ನಾನು ಬಸ್ಸಿಗೆ ಕಾಯುತ್ತಿದ್ದರೆ ಅವರು ಬಿಸಿನೀರಿನಲ್ಲಿ ಕೂತಿರುತ್ತಾರೆ ಎಂದು. ವಾಪಸು ಬಂದ ಬೆಳಿಗ್ಗೆ ಕಾರಿಗೆ ಹತ್ತಿದವಳೇ ಕೇಳಿದೆ, ‘ರಜಾ ಹೇಗಿತ್ತು? ಬಿಸಿನೀರಿನ ಸ್ನಾನ ಆಯ್ತಾ?’

‘ಆಯಿತು. ನೀರು ತುಂಬಾ ಬಿಸಿಯಿತ್ತು’ ಅಂದರು. ಕೈಚೀಲದಿಂದ ಒಂದು ಹೊಸ ಸಿಡಿ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ‘ನಿಮಗೆ ಇಷ್ಟವಲ್ಲ, ಅದಕ್ಕೆ.’

ಹೊದಿಕೆಯ ಮೇಲೆ ಹಬೆ, ಹಿಮ, ಒಬ್ಬ ಹೆಂಗಸಿನ ಬೆನ್ನು. ನಾನು ಏನಂದೆ ಅಂತ ಬೇರೆ ಹೇಳಬೇಕಿಲ್ಲ. ಮನೆಗೆ ಒಯ್ಯಲಾರದೆ ಅದನ್ನು ಆಕೆಯ ಕಾರಿನಲ್ಲೇ ಇಟ್ಟೆ, ದಿನಾ ಹಾಡುತ್ತಿದ್ದದ್ದು ಮಾತ್ರ ಹಳೆಯದೇ.

ಮೂರನೆಯ ವರ್ಷದ ಅಕ್ಟೋಬರ್‌ನಲ್ಲಿ ಒಂದು ಮಧ್ಯಾಹ್ನ ನಮ್ಮ ವಿಭಾಗದಲ್ಲಿ ಯಾರದೋ ನಿವೃತ್ತಿಗೆ ಕೇಕ್ ಕತ್ತರಿಸಿದರು. ಪಕ್ಕದ ಮೇಜಿನ ತೆಲುಗಿನವರು ತಟ್ಟೆ ಹಿಡಿದು ಬಂದು, ಅವರ ಬೆಂಗಳೂರು ಕನ್ನಡದಲ್ಲಿ ಅಂದರು, ‘ನಿಮ್ಮ ಕಾರ್‌ಪೂಲ್ ಮೇಡಂಗೂ ಎರಡು ವರ್ಷದ ಹಿಂದೇನೇ ಕೇಕ್ ಆರ್ಡರ್ ಮಾಡಿದ್ವಿ. ಅವರೇ ಕ್ಯಾನ್ಸಲ್ ಮಾಡಿಸಿದ್ರು.’

‘ಯಾಕೆ?’

‘ರೆಂಟನ್‌ನಿಂದ ಒಬ್ಬರನ್ನ ಕರ್ಕೊಂಡ್ ಬರ್ಬೇಕು, ಅವರ ಹತ್ರ ಕಾರಿಲ್ಲ ಅಂದ್ರು. ನಾವೆಲ್ಲ ಜೋಕ್ ಅಂದ್ಕೊಂಡ್ವಿ.’ ಅವರು ನಕ್ಕು ಇನ್ನೊಂದು ತುಂಡು ಕೇಕ್ ತರಲು ಹೋದರು. ನಾನು ಕೈಯಲ್ಲಿದ್ದ ತಟ್ಟೆಯನ್ನು ಎಲ್ಲಿ ಇಟ್ಟೆನೋ ನೆನಪಿಲ್ಲ.

ಆ ಸಂಜೆ ಮುಂದೆಲ್ಲೋ ಅಪಘಾತವಾಗಿ ಹೆದ್ದಾರಿ ನಿಂತುಹೋಯಿತು. ನಾವು ನಿಂತದ್ದು ಕ್ಯಾನ್ಯನ್ ಪಾರ್ಕ್‌ನಲ್ಲಿ, ನನ್ನ ಆ ಇಳಿಜಾರಿನ ಆಚೆ ಬದಿಯಲ್ಲಿ. ಅರ್ಧ ಗಂಟೆ, ಮುಕ್ಕಾಲು ಗಂಟೆ. ಹದಿನಾಲ್ಕನೆಯ ಹಾಡು ಮುಗಿದು ಮತ್ತೆ ಮೊದಲನೆಯದು ಶುರುವಾಯಿತು. ಹೆಂಗಸು ತಂಗುಮನೆಯಲ್ಲಿ ಕಾಯತೊಡಗಿದಳು. ಮಧ್ಯಾಹ್ನದಿಂದ ಆ ಕೇಕಿನ ಮಾತು ಎದೆಯಲ್ಲಿ ಕೂತಿತ್ತು, ಹೊರಗೆ ಬಂದದ್ದು ಬೇರೆ ಮಾತು.

‘ದಯವಿಟ್ಟು ಅದನ್ನ ನಿಲ್ಲಿಸ್ತೀರಾ?’

ಆಕೆ ನಿಲ್ಲಿಸಿದರು. ಮೂರು ವರ್ಷದಲ್ಲಿ ಮೊದಲ ಸಲ ಆ ಕಾರಿನಲ್ಲಿ ಮಳೆಯ ಸದ್ದು ಕೇಳಿಸಿತು.

‘ನಿಮಗೆ ಇಷ್ಟವಿಲ್ಲವಾ?’

‘ಇಲ್ಲ.’

‘ಇವತ್ತು?’

‘ಯಾವತ್ತೂ. ಮೊದಲ ದಿನದಿಂದ.’

ಆಕೆ ಬಾಯಿಗೆ ಅಂಗೈ ಅಡ್ಡ ಹಿಡಿದರು. ಭುಜ ಅಲುಗುತ್ತಿತ್ತು. ಅಳಿಸಿಬಿಟ್ಟೆನಲ್ಲ ಎಂದು ಗಾಬರಿಯಾಗಿ ನೋಡಿದರೆ, ನಗುತ್ತಿದ್ದರು. ‘ನನಗೂ’ ಅಂದರು. ‘ನನಗೂ ಇಷ್ಟವಿಲ್ಲ.’

ಆ ಸಿಡಿ ಆಕೆಯದಾಗಿರಲಿಲ್ಲ. ಜಪಾನಿನಿಂದ ಕಾರ್ಖಾನೆ ನೋಡಲು ಬಂದ ತಂಡದವರು ನೆನಪಿಗೆಂದು ಕೊಟ್ಟು ಹೋಗಿದ್ದರು. ವಂದನೆಯ ಪತ್ರ ಬರೆಯುವ ಮೊದಲು ಒಂದು ಸಲವಾದರೂ ಕೇಳದಿದ್ದರೆ ತಪ್ಪಾಗುತ್ತದೆಂದು ಆ ಬೆಳಿಗ್ಗೆ ಹಾಕಿದ್ದರು. ನಾನು ಹತ್ತಿದ ಕೂಡಲೇ ತೆಗೆದುಬಿಡುವವರಿದ್ದರು. ‘ನೀವು ತುಂಬಾ ಚೆನ್ನಾಗಿದೆ ಅಂದಿರಿ’ ಅಂದರು.

ಆ ಹಲಗೆಯ ಹಾಡಿನ ಊರು ಆಕೆಯ ಊರೇ. ಅಮ್ಮ ಹಲಗೆ ಹಿಡಿದು ನೀರು ಮಗುಚುವ ಸಾಲಿನಲ್ಲಿದ್ದವಳು. ಆಕೆ ಮತ್ತು ಅಕ್ಕ ಶಾಲೆಗೆ ಹೋಗುವ ಮೊದಲು ತಂಗುಮನೆಯ ಹಾಸಿಗೆಗಳನ್ನು ಮಡಚುತ್ತಿದ್ದರು. ‘ಹಾಡುಗಳಲ್ಲಿ ಹೆಂಗಸು ಸುಮ್ಮನೆ ಕಾಯುತ್ತಾಳೆ. ನಮ್ಮೂರಿನಲ್ಲಿ ಯಾವ ಹೆಂಗಸಿಗೂ ಕಾಯುವಷ್ಟು ಪುರುಸೊತ್ತು ಇರಲಿಲ್ಲ. ಅಂಗಡಿಗಳಲ್ಲಿ ದಿನವಿಡೀ ಇವೇ ಹಾಡು, ಬಂದವರಿಗೆ ಇಷ್ಟ ಅಂತ. ಇಪ್ಪತ್ತೆರಡಕ್ಕೆ ಊರು ಬಿಟ್ಟೆ. ಬಿಟ್ಟ ದಿನ, ಇನ್ನು ಈ ಹಾಡು ಕೇಳಬೇಕಿಲ್ಲ ಎಂದು ಖುಷಿಯಾಗಿತ್ತು.’ ಒಂಬತ್ತನೆಯದನ್ನು ಸಿಡಿಯಲ್ಲಿ ಹಾಡಿದ ರೀತಿಯೇ ತಪ್ಪು ಅಂದರು. ಅಷ್ಟು ನಿಧಾನಕ್ಕೆ ಹಲಗೆ ಎತ್ತಿದರೆ ತೋಳು ಬಿದ್ದುಹೋಗುತ್ತದಂತೆ. ಚಕ್ರದ ಮೇಲೆ ಬೆರಳು ಬಡಿಯುತ್ತಿದ್ದದ್ದು ಅದಕ್ಕೆ.

ನಾನೂ ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು ಇಬ್ಬರೂ. ಮುಂದಿನ ಕಾರು ಒಂದು ಮಾರು ಸರಿಯಿತು, ನಾವೂ ಸರಿದೆವು. ನಗು ಇಳಿದ ಮೇಲೆ ಕೇಕಿನ ವಿಷಯ ಕೇಳಿದೆ.

‘ನಿಮ್ಮ ಹತ್ತಿರ ಕಾರಿಲ್ಲ ಅಂದಿದ್ದಿರಿ’ ಅಂದರು.

‘ನಮ್ಮ ಮನೆ ಮುಂದೆ ದಿನಾ ಎರಡು ಕಾರು ನಿಂತಿರುತ್ತೆ.’ ಇದನ್ನು ಹೇಳುವಾಗಲೇ ನನಗೆ ಹೊಳೆದದ್ದು. ಗಂಡ ಹೊರಡುವುದು ಎಂಟಕ್ಕೆ. ಬೆಳಿಗ್ಗೆ ಆರಕ್ಕೆ ಎರಡೂ ಕಾರು ಅಲ್ಲೇ ಇರುತ್ತವೆ. ಮೂರು ವರ್ಷ ನಾನು ಆ ಎರಡು ಕಾರುಗಳ ನಡುವಿನಿಂದ ನಡೆದು ಬಂದು ಇವರ ಕಾರು ಹತ್ತಿದ್ದೆ.

‘ಒಂದು ಬಿಳಿ, ಒಂದು ನೀಲಿ’ ಅಂದರು ಆಕೆ. ‘ಇಲ್ಲಿಗೆ ಬಂದಾಗ ನೀವು ಸೀಟು ಹಿಡಿದುಕೊಳ್ಳುವುದನ್ನೂ ನೋಡುತ್ತಿದ್ದೆ. ನೀವೇ ಒಂದು ದಿನ ಹೇಳುತ್ತೀರಿ ಅಂತ ಕಾದೆ. ನಾನು ಕೇಳಿದರೆ ನಿಮಗೆ ಅವಮಾನ.’

‘ನಿವೃತ್ತಿಯಾಗಿ ಎಲ್ಲಿಗೆ ಹೋಗಬೇಕಂತ ಇತ್ತು?’

‘ಅಕ್ಕನ ಹತ್ತಿರ. ಅದೇ ಊರಿಗೆ. ವಯಸ್ಸಾದ ಮೇಲೆ ಒಬ್ಬಳೇ ಇರಲು ಬೇಜಾರು ಬಾ ಅನ್ನುತ್ತಿದ್ದಳು. ಬರುತ್ತೇನೆ, ಇನ್ನು ಸ್ವಲ್ಪ ದಿನ ಅನ್ನುತ್ತಿದ್ದೆ.’

‘ಈಗ?’

‘ಹೋದ ಚಳಿಗಾಲದಲ್ಲಿ ಒಂದು ವಾರ ಹೋಗಿದ್ದೆನಲ್ಲ’ ಅಂದರು.

ಅಷ್ಟೇ ಅಂದದ್ದು. ನಾನು ಆ ವಾರವನ್ನು ಒಂದೊಂದೇ ದಿನವಾಗಿ ನೆನೆಸಿಕೊಂಡೆ. ಮೂರು ಬಸ್ಸು, ನೆನೆದ ಕೋಟು, ಬೈಗುಳ. ‘ರಜಾ ಹೇಗಿತ್ತು?’ ಅಕ್ಕನನ್ನು ಮಣ್ಣು ಮಾಡಿ, ಇಲ್ಲ, ಅವರಲ್ಲಿ ಸುಡುತ್ತಾರೆ, ಸುಟ್ಟು, ಊರಿನ ಬೀದಿಯಲ್ಲಿ ನಡೆದು, ತನಗೆ ಸೇರದ ಹಾಡುಗಳ ಅಂಗಡಿಗೆ ಹೋಗಿ, ನನಗೆ ಇಷ್ಟವೆಂದು ಒಂದು ಸಿಡಿ ಆರಿಸಿ ತಂದಿದ್ದರು ಆಕೆ.

ನನಗೆ ಸಿಟ್ಟು ಬಂತು. ನಾಚಿಕೆ ತಡೆಯಲಾಗದಾಗ ನನಗೆ ಬರುವುದು ಸಿಟ್ಟೇ. ‘ಹೇಳಬಾರದಿತ್ತಾ?’ ಎಂದು ಕಿರುಚಿದೆ. ‘ಒಂದು ಮಾತು ಹೇಳಬಾರದಿತ್ತಾ ನನಗೆ?’

‘ನೀವು ಹೇಳಬಾರದಿತ್ತಾ?’ ಅಂದರು. ದನಿ ಏರಿಸಲಿಲ್ಲ. ಆಮೇಲೆ, ‘ಒಂದು ತಿಂಗಳು ನಿಮ್ಮ ಮೇಲೆ ಕೋಪವಿತ್ತು. ಈಗ ಇಲ್ಲ’ ಅಂದರು. ನಾನು ಕ್ಷಮಿಸಿ ಅಂದೆ. ಅದು ಎಷ್ಟು ಚಿಕ್ಕ ಮಾತು ಎಂದು ಅವತ್ತು ತಿಳಿಯಿತು. ಮೂರು ವರ್ಷ ನಾನು ಸಿಕ್ಕಿಹಾಕಿಕೊಂಡಿದ್ದೇನೆಂದು ಮರುಗಿದ್ದೆ. ನನ್ನ ಪಕ್ಕದಲ್ಲಿ ಕೂತವರನ್ನು ಹಿಡಿದಿಟ್ಟದ್ದು ನಾನು.

ಮುಂದಿನ ಭಾನುವಾರ ನಾನೇ ಆಕೆಯ ಮನೆಗೆ ನಡೆದುಹೋಗಿ, ‘ನನಗೆ ಹೈವೇ ಅಂದ್ರೆ ಹೆದರಿಕೆ. ಕಲಿಸಿಕೊಡಿ’ ಅಂದೆ. ಮೂರು ವರ್ಷದ ಹಿಂದೆ ಊಟದ ಕೋಣೆಯಲ್ಲಿ ಹೇಳಬೇಕಿದ್ದ ಮಾತು. ಆಕೆ ಒಳಗೆ ಹೋಗಿ ಕಾರಿನ ಕೀ ತಂದು ನನ್ನ ಕೈಗಿಟ್ಟರು.

ಅಭ್ಯಾಸ ಸುಲಭವಾಗಿರಲಿಲ್ಲ. ಮೊದಲ ಭಾನುವಾರ ಹೆದ್ದಾರಿಗೆ ಏರುವ ದಾರಿಯ ಬುಡದಲ್ಲೇ ಕಾರು ನಿಲ್ಲಿಸಿ ಅತ್ತೆ. ಎರಡನೆಯದರಲ್ಲಿ ಬೆಲ್‌ವ್ಯೂವರೆಗೆ. ಮೂರನೆಯ ವಾರ, ಕೆಲಸದ ದಿನವೇ, ಬೆಳಿಗ್ಗೆ ಮಳೆಯಲ್ಲಿ ಆಕೆ ಪಕ್ಕದ ಸೀಟಿನಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತರು, ನಾನು ಓಡಿಸಿದೆ. ಕಾರಿನಲ್ಲಿ ಹಾಡಿರಲಿಲ್ಲ. ಹಾಡಿಲ್ಲದೆ ನನಗೆ ದಾರಿ ಎಲ್ಲಿಗೆ ಬಂತೆಂದೇ ತಿಳಿಯುತ್ತಿರಲಿಲ್ಲ. ಕ್ಯಾನ್ಯನ್ ಪಾರ್ಕ್‌ನ ಫಲಕ ಕಂಡಿತು. ಬೆರಳು ಸೆಟೆಯಲು ಶುರುವಾಯಿತು. ಮುಂದೆ ಲಾರಿ, ಅದರ ಚಕ್ರದಿಂದ ನೀರು ಚಿಮ್ಮುತ್ತಿತ್ತು.

‘ಆ ಒಂಬತ್ತನೇದು ಹಾಕಿ’ ಅಂದೆ. ಈ ಸಲ ದಾಕ್ಷಿಣ್ಯವಿರಲಿಲ್ಲ. ನಿಜವಾಗಿ ಬೇಕಿತ್ತು.

‘ನೋ’ ಅಂದರು ಆಕೆ.

ಆಕೆಯ ಬಾಯಿಂದ ಆ ಪದ ನಾನು ಅದುವರೆಗೆ ಕೇಳಿರಲಿಲ್ಲ. ‘ಸ್ವಲ್ಪ ಕಷ್ಟ’ ಅನ್ನುತ್ತಿದ್ದರು, ‘ಯೋಚಿಸೋಣ’ ಅನ್ನುತ್ತಿದ್ದರು.

‘ಒಂದೇ ಒಂದು ಹಾಡು!’

‘ನೋ. ನನಗೆ ಅದು ಇಷ್ಟವಿಲ್ಲ. ಮುಂದೆ ನೋಡಿ.’

‘ಮೂರು ವರ್ಷ ಕೇಳಿಸಿಕೊಂಡಿದ್ದೀನಿ ನಾನು! ಬೇಡದಿದ್ದಾಗೆಲ್ಲ ಹಾಕಿದಿರಿ, ಬೇಕು ಅಂದಾಗ ನೋ ಅಂತೀರಲ್ಲ, ಇದ್ಯಾವ ನ್ಯಾಯ?’ ಸಿಟ್ಟಿನಲ್ಲಿ ಲೇನ್ ಬದಲಾಯಿಸಿ ಲಾರಿಯನ್ನು ಹಿಂದೆ ಹಾಕಿದೆ. ಬೈದು ಮುಗಿಯುವಷ್ಟರಲ್ಲಿ ಇಳಿಜಾರೂ ಮುಗಿದಿತ್ತು. ಆಕೆ ಹಿಂತಿರುಗಿ ನೋಡಿ, ಬಾರ್ಲಿ ಚಹಾದ ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು.

ಡಿಸೆಂಬರ್‌ನಲ್ಲಿ ಆಕೆಯ ಕೇಕ್ ಕತ್ತರಿಸಿದೆವು. ಆ ಸಂಜೆ ಕೊನೆಯ ಸಲ ಒಟ್ಟಿಗೆ ವಾಪಸು ಬಂದೆವು. ನಾನೇ ಓಡಿಸಿದೆ. ಇನ್ನು ಊರಿಗೆ ಹೋಗುತ್ತೀರಾ ಎಂದು ಕೇಳಿದೆ. ‘ಅಲ್ಲಿ ಯಾರಿದ್ದಾರೆ? ಇಲ್ಲೇ ಇರುತ್ತೇನೆ’ ಅಂದರು. ಹೋಗಬೇಕೆಂದಿದ್ದಾಗ ನಾನು ಹೋಗಗೊಡಲಿಲ್ಲ, ಈಗ ಯಾರೂ ತಡೆಯುತ್ತಿಲ್ಲ, ಹೋಗಲು ಜಾಗವಿಲ್ಲ. ಇದನ್ನು ಸರಿಪಡಿಸುವ ದಾರಿ ಇವತ್ತಿಗೂ ನನಗೆ ಸಿಕ್ಕಿಲ್ಲ. ಭಾನುವಾರ ಹೋಗುತ್ತೇನೆ, ಜೊತೆಗೆ ಕೂರುತ್ತೇನೆ, ಬಾರ್ಲಿ ಚಹಾ ಬೇಡ ಅನ್ನುತ್ತೇನೆ.

ಅವತ್ತು ಅವರ ಮನೆಯ ಮುಂದೆ ಇಳಿಯುವಾಗ ಆಕೆ ಎರಡೂ ಸಿಡಿಗಳನ್ನು ಒಂದರ ಮೇಲೊಂದು ಇಟ್ಟು ನನ್ನ ಕಡೆ ಚಾಚಿದರು. ‘ನಿಮಗೆ ನೆನಪಿಗೆ ಬೇಕಾ?’

‘ಓಹ್, ಥ್ಯಾಂಕ್ಯೂ’ ನಾಲಿಗೆಯ ತುದಿಗೆ ಬಂದಿತ್ತು. ನನ್ನ ನೀಲಿ ಕಾರಿನಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ, ಹಾಗೆ ಹೇಳಿಯೂ ತಪ್ಪಿಸಿಕೊಳ್ಳಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ.

‘ಬೇಡ’ ಅಂದೆ.

ಆಕೆ ಸೊಂಟ ಬಾಗಿಸಿ ನಮಸ್ಕರಿಸಿದರು. ಮೂರು ವರ್ಷದಲ್ಲಿ ಅಷ್ಟು ಬಾಗಿದ್ದನ್ನು ನೋಡಿರಲಿಲ್ಲ.

ಸೋಮವಾರ ಬೆಳಿಗ್ಗೆ ಆರಕ್ಕೆ ನೀಲಿ ಕಾರು ತೆಗೆದೆ. ಪಕ್ಕದ ಸೀಟು ಖಾಲಿ. ಮಳೆ ಇತ್ತು. ರೆಂಟನ್‌ನ ತಿರುವುಗಳು ಮುಗಿದವು, ಗಾಜಿನ ಕಟ್ಟಡಗಳು ಬಂದವು, ಗಾಡಿಗಳು ಒತ್ತಿಕೊಂಡು ನಿಂತು ಮತ್ತೆ ಹೊರಟವು. ಕ್ಯಾನ್ಯನ್ ಪಾರ್ಕ್‌ನ ಇಳಿಜಾರಿನಲ್ಲಿ ಕೈ ಸೆಟೆಯಲು ಶುರುವಾದಾಗ ನನ್ನ ಬಾಯಿ ತಾನಾಗಿ ತೆರೆಯಿತು. ಒಂಬತ್ತನೆಯ ಹಾಡನ್ನು ಗಟ್ಟಿಯಾಗಿ, ಬೇಗ ಬೇಗ, ಹಲಗೆ ಎತ್ತುವವರ ವೇಗದಲ್ಲಿ, ಅರ್ಥ ಗೊತ್ತಿಲ್ಲದ ಮಾತುಗಳನ್ನು ಅರ್ಧಂಬರ್ಧ ನುಂಗುತ್ತಾ ಕೊನೆಯವರೆಗೆ ಹಾಡಿದೆ. ಚೆನ್ನಾಗೇನೂ ಇರಲಿಲ್ಲ.